ಗೋಡೆಯಾಚೆ ಹೋದ ಮಿಷನ್ ಸ್ಟ್ಯಾಂಡು

ನಮ್ಮ ಮಾವ ತೀರಿಕೊಂಡ ಮರುವರ್ಷ ಮನೆ ಪಾಲಾಯಿತು. ದಂಡಿನಶಿವರದ ಕಡೆ ಬಸ್ಸಿಳಿದು ತೆಂಗಿನ ಸಾಲುಗಳ ನಡುವೆ ನಡೆದು ಬರಬೇಕಾದ ಊರು ನಮ್ಮದು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನನ್ನ ಗಂಡ ಕಿರಿಯವರು, ತೋಟ ನೋಡಿಕೊಳ್ಳುತ್ತಿದ್ದರು. ಅವರ ಅಣ್ಣ, ಅಂದರೆ ನನ್ನ ಭಾವ, ತಿಪಟೂರಿನ ಮಂಡಿಯೊಂದರಿಂದ ದೆಹಲಿಗೆ ಕೊಬ್ಬರಿ ಸಾಗಿಸುವ ಲಾರಿಯ ಡ್ರೈವರು. ತಮ್ಮನಿಗೆ ತಾನು ಹಾಯಿಸಿದ ನೀರಿಗೆ ಬೆಲೆಯಿಲ್ಲ ಅನ್ನಿಸಿತ್ತು, ಅಣ್ಣನಿಗೆ ತಾನು ದುಡಿದು ತಂದದ್ದಕ್ಕೆ. ಜಗಳ ಶುರುವಾದದ್ದು ಬದುವಿನ ಮೇಲಿನ ಒಂದು ಸಾಲು ಮರದಿಂದ. ಆಮೇಲೆ ಆ ಮರಗಳ ಮಾತು ಯಾರೂ ಎತ್ತಲಿಲ್ಲ, ಜಗಳ ಮಾತ್ರ ಉಳಿಯಿತು.

ತೋಟ, ಹೊಲ, ದನ, ಪಾತ್ರೆ ಎಲ್ಲವನ್ನೂ ಊರಿನ ಹಿರಿಯರು ಜಗುಲಿಯ ಮೇಲೆ ಕೂತು ಹಂಚಿದರು. ಕೊನೆಗೆ ಉಳಿದದ್ದು ನನ್ನ ಹೊಲಿಗೆ ಮಿಷನ್ನು. ನಾನು ಮದುವೆಗೆ ಮುಂಚೆ ಚಿಕ್ಕನಾಯಕನಹಳ್ಳಿಯಲ್ಲಿ ಹೊಲಿಗೆ ಕಲಿತವಳು. ಶೆಟ್ಟಿಕೆರೆಯ ನನ್ನ ತಂದೆ ಮದುವೆಯಲ್ಲಿ ಕೈಯಲ್ಲಿ ತಿರುಗಿಸುವ ಮಿಷನ್ ಕೊಡಿಸಿದ್ದರು. ಕಾಲಿನಲ್ಲಿ ತುಳಿಯುವ ಕಬ್ಬಿಣದ ಸ್ಟ್ಯಾಂಡನ್ನು ಮಾವ ಆಮೇಲೆ ತಿಪಟೂರಿನಿಂದ ತರಿಸಿ, ಮಿಷನ್ನನ್ನು ಅದರ ಮೇಲೆ ಕೂರಿಸಿದ್ದರು. ಮಿಷನ್ನು ಹೆಂಡತಿಯ ತವರಿನದು ಅಂತ ನಮ್ಮವರು ವಾದಿಸಿದರು. ಸ್ಟ್ಯಾಂಡು ಒಟ್ಟು ಮನೆಯದು ಅಂತ ಭಾವ ಪಟ್ಟು ಹಿಡಿದರು. ಇಬ್ಬರ ಮಾತೂ ಸುಳ್ಳಾಗಿರಲಿಲ್ಲ. ಹಂಚುವುದಕ್ಕೆ ಬಂದಿದ್ದ ಹಿರಿಯರೊಬ್ಬರಿಗೆ ಹಸಿವಾಗಿತ್ತೋ ಏನೋ, ಟವಲ್ ಕೊಡವಿಕೊಂಡು ಎದ್ದೇಬಿಟ್ಟರು.

"ತಲೆ ಚಿಕ್ಕೋನ್ಗೆ, ಕಾಲು ದೊಡ್ಡೋನ್ಗೆ. ಸರಿಹೋಯ್ತಲ್ಲ, ಏಳ್ರಪ್ಪ ಅತ್ಲಾಗೆ."

ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಆ ಸಂಜೆಯೇ ಮಿಷನ್ನಿನ ಹಿಂದಿನ ಎರಡು ಸ್ಕ್ರೂ ಬಿಚ್ಚಿ, ಬೆಲ್ಟು ಕಳಚಿ, ತಲೆಯನ್ನು ನಮ್ಮ ಕೋಣೆಗೆ ತಂದಿಟ್ಟರು. ಸ್ಟ್ಯಾಂಡನ್ನು ಭಾವನೇ ಹೊತ್ತುಕೊಂಡು ಹೋದರು. ಹಜಾರದ ನಡುವೆ ಮಣ್ಣಿನ ಇಟ್ಟಿಗೆಯ ಗೋಡೆ ಏರಿತು.

ಗೋಡೆ ಪೂರ್ತಿ ಏರಲಿಲ್ಲ. ಮನೆಯ ಉದ್ದಕ್ಕೂ ಅಟ್ಟ ಇತ್ತು. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಗಿಟುಕಾಗಿ, ಕಾಯಿ ಅಲ್ಲಾಡಿಸಿದರೆ ಗಡಗಡ ಅನ್ನತೊಡಗಿದಾಗ ಇಳಿಸಿ ಸುಲಿಯುತ್ತಾರೆ. ಆ ಅಟ್ಟಕ್ಕೆ ಗಾಳಿ ಆಡಬೇಕು, ಅದಕ್ಕೆ ಗೋಡೆಯನ್ನು ತೊಲೆಯಿಂದ ಒಂದು ಮೊಳ ಕೆಳಗೇ ನಿಲ್ಲಿಸಿದರು. ಅಟ್ಟದ ಮೇಲೆ ಅವರ ಕಾಯಿಗೂ ನಮ್ಮ ಕಾಯಿಗೂ ನಡುವೆ ಒಂದು ಅಡ್ಡ ಬಿದಿರು ಕಟ್ಟಿದ್ದರು, ಅಷ್ಟೇ. ಹೀಗಾಗಿ ಆಚೆ ಒಗ್ಗರಣೆ ಹಾಕಿದರೆ ಈಚೆ ಸೀನು ಬರುತ್ತಿತ್ತು. ಭಾವನ ಹೆಂಡತಿ, ನನ್ನ ವಾರಗಿತ್ತಿ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ನನಗೆ ಗೊತ್ತಾಗುತ್ತಿತ್ತು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಅನ್ನುತ್ತಿದ್ದೆ ಅಂತ ಯಾಕೆ ಹೇಳಿದೆನೆಂದರೆ, ಪಾಲಾದ ಮೇಲೆ ಮಾತಾಡಬಾರದೆಂದು ಇಬ್ಬರಿಗೂ ಅವರವರ ಗಂಡಂದಿರು ಹೇಳಿದ್ದರು. ನಾವು ಮಾತಾಡಲಿಲ್ಲ. ಅದರಿಂದ ನನಗೆ ದುಃಖವಾಯಿತು ಅಂದರೆ ಸುಳ್ಳಾಗುತ್ತದೆ. ಮನೆಗೆಲಸ ಇತ್ತು, ದನ ಇತ್ತು, ಊರಿನ ಹೆಂಗಸರ ರವಿಕೆ, ಹುಡುಗಿಯರ ಲಂಗ ಇತ್ತು. ಬಲಗೈಯಲ್ಲಿ ಹಿಡಿ ತಿರುಗಿಸುತ್ತ ಎಡಗೈಯಲ್ಲಿ ಬಟ್ಟೆ ನೂಕುತ್ತ ಹೊಲಿಯುತ್ತಿದ್ದೆ. ಕೆಲಸ ಅರ್ಧಕ್ಕೆ ಇಳಿದಿತ್ತು. ಗೋಡೆಯಾಚೆ ನನ್ನ ಸ್ಟ್ಯಾಂಡಿನ ಮೇಲೆ ಹಲಗೆ ಹಾಕಿ ಉಪ್ಪಿನಕಾಯಿ ಜಾಡಿ ಇಟ್ಟಿದ್ದಾರೆಂದು ಅತ್ತೆ ಹೇಳಿದರು. ಅತ್ತೆ ಒಂದು ತಿಂಗಳು ಆ ಕಡೆ, ಒಂದು ತಿಂಗಳು ಈ ಕಡೆ ಊಟ ಮಾಡುತ್ತಿದ್ದರು. ಎರಡೂ ಕಡೆಯ ಸುದ್ದಿ ಅವರ ಬಾಯಲ್ಲೇ ಓಡಾಡುತ್ತಿತ್ತು.

ಭಾವ ಜೀನ್ಸ್ ಪ್ಯಾಂಟು ಹಾಕುತ್ತಿದ್ದರು. ಆ ಕಾಲಕ್ಕೆ ನಮ್ಮೂರಲ್ಲಿ ಜೀನ್ಸ್ ಹಾಕುತ್ತಿದ್ದವರು ಅವರೊಬ್ಬರೇ. ಶೋಕಿಗಲ್ಲ. ದೆಹಲಿಯಲ್ಲಿ ರಸ್ತೆ ಪಕ್ಕ ಗುಡ್ಡೆ ಹಾಕಿ ಮಾರುವ ಹಳೇ ಬಟ್ಟೆಯಲ್ಲಿ ಅವು ಸಿಗುತ್ತಿದ್ದವು. ಯಾರೋ ಹಾಕಿ ಬಿಟ್ಟವು. ಲಾರಿ ಕೆಳಗೆ ನುಗ್ಗುವುದಕ್ಕೆ, ಟೈರು ಬಿಚ್ಚುವುದಕ್ಕೆ, ಉತ್ತರದ ಚಳಿಗೆ ಅದಕ್ಕಿಂತ ಗಟ್ಟಿ ಬಟ್ಟೆ ಇಲ್ಲವೆಂದು ಅವರು ಹೇಳುತ್ತಿದ್ದರು. ಅತ್ತೆ ಅದನ್ನು ಟಾರ್ಪಾಲು ಅನ್ನುತ್ತಿದ್ದರು. ಒದ್ದೆಯಾದರೆ ಒಗೆಯುವ ಕಲ್ಲಿನ ಮೇಲೆ ಎತ್ತಿ ಬಡಿಯಲು ಒಬ್ಬಳ ಕೈಲಾಗುತ್ತಿರಲಿಲ್ಲ. ಮೊಣಕಾಲಲ್ಲಿ ಹರಿದ, ಗ್ರೀಸು ಹತ್ತಿದ ಪ್ಯಾಂಟುಗಳು ಅಕ್ಕನ ಕೋಣೆಯ ಮೂಲೆಯಲ್ಲಿ ಪೇರಿಸಿಕೊಂಡಿದ್ದವು.

ಅಕ್ಕ ಕೌದಿ ಹೊಲಿಯುವುದರಲ್ಲಿ ಊರಿಗೇ ಹೆಸರಾದವಳು. ಹಳೇ ಸೀರೆಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ಶುರುಮಾಡಿ ಒಳಗೊಳಗೆ ಚೌಕವಾಗಿ ಸುತ್ತುತ್ತ ಹೋಗುವ ಸಣ್ಣ ಹೊಲಿಗೆ ಅವಳದು. ಅಳತೆ ಪಟ್ಟಿ ಮುಟ್ಟುತ್ತಿರಲಿಲ್ಲ, ಆದರೂ ಸಾಲು ಸೊಟ್ಟಗಾಗುತ್ತಿರಲಿಲ್ಲ. ಆದರೆ ಆ ಪ್ಯಾಂಟುಗಳನ್ನು ಅವಳು ಕೌದಿಗೆ ಹಾಕಿರಲಿಲ್ಲ. ಅದರಲ್ಲಿ ಕೈಸೂಜಿ ಇಳಿಯುತ್ತಿರಲಿಲ್ಲ.

ಒಂದು ಸಲ ಭಾವ ಬರಿಗೈಯಲ್ಲಿ ವಾಪಸು ಬಂದರು. ದೆಹಲಿಯಲ್ಲಿ ಕೊಬ್ಬರಿ ಇಳಿಸಿ ಸೀಟಿನ ಮೇಲೆ ಮಲಗಿದ್ದಾಗ ಯಾರೋ ಅವರ ರೆಕ್ಸಿನ್ ಚೀಲವನ್ನು ಬ್ಲೇಡಿನಲ್ಲಿ ಕೊಯ್ದು ಒಳಗಿದ್ದದ್ದನ್ನೆಲ್ಲ ಒಯ್ದಿದ್ದರು. ಲೈಸೆನ್ಸು ಜೇಬಿನಲ್ಲಿದ್ದದ್ದರಿಂದ ಉಳಿಯಿತು. ಅವರು ಅಕ್ಕನಿಗೆ ಹೇಳುತ್ತಿದ್ದದ್ದು ಗೋಡೆಯ ಮೇಲಿನಿಂದ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಬ್ಲೇಡು ಹಾಕಿದ್ರೂ ಕುಯ್ಯೋಕಾಗ್ಬಾರ್ದು, ಅಂಥದೊಂದು ಚೀಲ ಮಾಡ್ಕೊಡೇ."

"ಕಬ್ಣದ್ದು ಮಾಡ್ಸ್ಕೋಬೇಕು ನೀವು" ಅಂದಳು ಅಕ್ಕ.

ಮಾರನೆಯ ದಿನದಿಂದ ಅವಳ ಕಡೆ ಹೊಸ ಸದ್ದು ಶುರುವಾಯಿತು. ಬಟ್ಟೆ ಹರಿಯುವ ಸದ್ದು, ಆಮೇಲೆ ಕಲ್ಲಿನಿಂದ ಏನನ್ನೋ ಜಜ್ಜುವ ಸದ್ದು, ನಡುನಡುವೆ ಬೈಗುಳ. ಅವಳು ಪ್ಯಾಂಟುಗಳನ್ನು ಬಿಚ್ಚಿ, ಒಳಗೆ ಹಳೇ ಪಂಚೆಯ ಪದರ ಕೊಟ್ಟು, ಗೋಣಿಚೀಲ ಹೊಲಿಯುವ ದಬ್ಬಳದಿಂದ ಕೌದಿ ಹಾಗೆ ಹೊಲಿಯುತ್ತಿದ್ದಾಳೆಂದು ಅತ್ತೆ ಹೇಳಿದರು. ಬೆರಳೆಲ್ಲ ಬೊಬ್ಬೆಯಂತೆ. ಅಗಲದ ಭಾಗ ಹೇಗೋ ಮುಗಿಯಿತು. ಆದರೆ ಚೀಲ ಅಂದಮೇಲೆ ಎರಡು ಮಗ್ಗುಲನ್ನು ಸೇರಿಸಿ ಹೊಲಿಯಬೇಕಲ್ಲ, ಅಲ್ಲಿ ದಬ್ಬಳವೂ ಬಾಗಿತು. ಆ ಮಧ್ಯಾಹ್ನ ಗೋಡೆಯ ಮೇಲಿನಿಂದ ಮಾತು ಬಂತು. ಪಾಲಾದ ಮೇಲೆ ನನಗಂತಲೇ ಆಡಿದ ಮೊದಲನೆಯ ಮಾತು.

"ಲೇ, ಇದ್ದೀಯೇನೇ?"

"ಇದ್ದೀನಿ."

"ನಿನ್ ತಲೆ ಒಂದಿನ ಕೊಡೇ."

"ತಲೆ ಕೊಟ್ರೆ ನಮ್ಮೋರು ನನ್ನ ತಲೆ ತೆಗೀತಾರೆ. ನೀನೇ ಸ್ಟ್ಯಾಂಡ್ ಕಳ್ಸಕ್ಕ."

"ಇವ್ರು ಲೆಕ್ಕ ಇಟ್ಟವ್ರೆ ಕಣೇ. ಅದು ಬಾಗ್ಲು ದಾಟಂಗಿಲ್ಲ."

ಬರೀ ಕೈಮಿಷನ್ನಿನಲ್ಲಿ ಅದನ್ನು ಹೊಲಿಯಲಾಗುವುದಿಲ್ಲವೆಂದು ನನಗೂ ಗೊತ್ತಿತ್ತು. ಅಷ್ಟು ದಪ್ಪನೆಯ ಬಟ್ಟೆಯನ್ನು ನೂಕಲು ಎರಡೂ ಕೈ ಬೇಕು, ಹಾಗಾಗಿ ಕಾಲಲ್ಲಿ ತುಳಿಯಬೇಕು. ತಲೆ ಮತ್ತು ಸ್ಟ್ಯಾಂಡು ಒಂದುಗೂಡಲೇಬೇಕು. ಅವಳ ಮನೆಯಲ್ಲಿ ಆಗುವುದಿಲ್ಲ, ನನ್ನ ಮನೆಯಲ್ಲೂ ಆಗುವುದಿಲ್ಲ.

"ಕೊಟ್ಗೆ ಯಾರದು?" ಅಂದೆ.

ಹಿತ್ತಿಲ ಕೊಟ್ಟಿಗೆ ಪಾಲಾಗಿರಲಿಲ್ಲ. ದನ ನೀರು ಕುಡಿಯುವ ತೊಟ್ಟಿ ಒಂದೇ ಇದ್ದದ್ದರಿಂದ ಅದನ್ನು ಒಟ್ಟಿಗೇ ಬಿಟ್ಟಿದ್ದರು.

"ಕೊಟ್ಗೆ ದನದ್ದು" ಅಂದಳು ಅಕ್ಕ. ಹಾಗೆಂದ ಕೂಡಲೇ ಉಪ್ಪಿನಕಾಯಿ ಜಾಡಿಗಳನ್ನು ಇಳಿಸುವ ಸದ್ದು ಕೇಳಿಸಿತು.

ಮರುದಿನ ಭಾವ ಲಾರಿಗೆ ಹೋದ ಮೇಲೆ, ನಮ್ಮವರು ತೋಟಕ್ಕೆ ಇಳಿದ ಮೇಲೆ, ಅವಳು ಹಿಂಬಾಗಿಲಿಂದ ಸ್ಟ್ಯಾಂಡನ್ನು ಎಳೆದುಕೊಂಡು ಬಂದಳು, ನಾನು ತಲೆಯನ್ನು ಮಗುವಿನಂತೆ ತಬ್ಬಿಕೊಂಡು ಬಂದೆ. ಕೈಹಿಡಿ ಬಿಚ್ಚಿ, ಸ್ಕ್ರೂ ಹಾಕಿ, ಬೆಲ್ಟು ಕೂರಿಸಿದೆ. ಬೆಲ್ಟು ಒಣಗಿ ಸೆಟೆದಿತ್ತು. ಎಣ್ಣೆ ಬಿಟ್ಟು ತುಳಿದಾಗ ಮೊದಲು ಕಿರುಗುಟ್ಟಿ, ಆಮೇಲೆ ಹಳೆಯ ಹಾಗೆಯೇ ಓಡಿತು. ಎಮ್ಮೆ ತಿರುಗಿ ನೋಡಿತು.

ಆ ಬಟ್ಟೆ ನನಗೆ ಹೊಸದು. ಮೊದಲ ಸಾಲಿನಲ್ಲೇ ಸೂಜಿ ಮುರಿಯಿತು, ಎರಡನೆಯದೂ ಮುರಿಯಿತು. ತಿಪಟೂರಿನಿಂದ ದಪ್ಪ ಸೂಜಿ ತರಿಸಿದೆ. ಪ್ಯಾಂಟಿನ ಮಗ್ಗುಲ ಹೊಲಿಗೆ ಇರುವ ಕಡೆ ಬಟ್ಟೆ ನಾಲ್ಕು ಪದರ ಆಗಿರುತ್ತದೆ. ಅಂಥ ಗಂಟಿನ ಮೇಲೆ ಮಿಷನ್ನು ಹತ್ತುವುದಿಲ್ಲ. ಅಕ್ಕ ಅದನ್ನು ಗುಂಡುಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡಿ ಕೊಡುತ್ತಿದ್ದಳು, ನಾನು ಅದರ ಮೇಲೆ ಬಟ್ಟೆ ಸೋಪು ಉಜ್ಜಿ ನಿಧಾನಕ್ಕೆ ಸೂಜಿ ಇಳಿಸುತ್ತಿದ್ದೆ. ಸೋಪು ಹಚ್ಚಿದರೆ ಸೂಜಿ ಜಾರಿ ಹೋಗುತ್ತದೆಂದು ಯಾರೂ ಹೇಳಿಕೊಟ್ಟದ್ದಲ್ಲ, ಕೈಯಲ್ಲಿ ಸೋಪು ಇತ್ತು, ಹಚ್ಚಿ ನೋಡಿದೆ. ಪ್ಯಾಂಟಿನ ಹಿಂದಿನ ಜೇಬುಗಳನ್ನು ಹಾಗೆಯೇ ಬಿಟ್ಟು ಚೀಲದ ಹೊರಮೈಗೆ ಬರುವಂತೆ ಮಾಡಿದೆವು. ಸೊಂಟದ ಪಟ್ಟಿ ಹಿಡಿಕೆಯಾಯಿತು. ಬಣ್ಣ ಮಾಸಿದ ತೊಡೆಯ ಭಾಗ, ಮಾಸದ ಒಳಭಾಗ ಎರಡನ್ನೂ ಚೌಕ ಕತ್ತರಿಸಿ ಒಂದು ಬಿಟ್ಟು ಒಂದು ಬರುವಂತೆ ಅಕ್ಕ ಮೊದಲೇ ಜೋಡಿಸಿದ್ದಳು. ಒಂದು ಚೌಕ ಆಕಾಶದ ನೀಲಿ, ಒಂದು ಶಾಯಿಯ ನೀಲಿ. ಮೇಲೆ ಅವಳ ಕೌದಿ ಹೊಲಿಗೆ. ನೋಡಲು ಅದು ಪ್ಯಾಂಟಿನಂತೆಯೂ ಇರಲಿಲ್ಲ, ಕೌದಿಯಂತೆಯೂ ಇರಲಿಲ್ಲ.

ಊಟದ ಹೊತ್ತಿಗೆ ಮುಂಚೆ ಸ್ಕ್ರೂ ಬಿಚ್ಚಿ, ತಲೆ ಈ ಕಡೆ, ಸ್ಟ್ಯಾಂಡು ಆ ಕಡೆ. ಜಾಡಿಗಳು ಮತ್ತೆ ಹಲಗೆ ಮೇಲೆ. ಹೀಗೆ ದಿನವೂ ಕೂಡಿಸುವುದು, ಬಿಚ್ಚುವುದು. ಕೆಲಸ ಮಾಡುವಾಗ ನಾವು ಬಹಳ ಮಾತಾಡುತ್ತಿದ್ದೆವು ಅಂದುಕೊಂಡರೆ ತಪ್ಪು. "ಹಿಡ್ಕೋ", "ಬುಡು", "ಇನ್ನೊಂಚೂರು ಎಳಿ", ಇಷ್ಟೇ. ಗಂಡಂದಿರ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ.

ಭಾವ ಆ ಚೀಲ ತೆಗೆದುಕೊಂಡು ದೆಹಲಿಗೆ ಹೋಗಿ ಬಂದರು. ಮಿಷನ್ ಹೊಲಿಗೆ ಎಲ್ಲಿಯದೆಂದು ಅವರು ಕೇಳಲಿಲ್ಲ. ಗೊತ್ತಾಗದೆ ಇರುವಷ್ಟು ದಡ್ಡರೂ ಅವರಲ್ಲ. ಮಂಡಿಯ ಬೇರೆ ಡ್ರೈವರುಗಳು ಅದನ್ನು ಎಳೆದು ನೋಡಿದರಂತೆ, ಒಬ್ಬ ಬ್ಲೇಡು ಹಾಕಿಯೂ ನೋಡಿದನಂತೆ. ಮುಂದಿನ ಸಲ ಭಾವನ ಲಾರಿಯಲ್ಲಿ ಅವರು ಚೀಲಕ್ಕೆಂದು ಕೊಟ್ಟ ಹಳೇ ಪ್ಯಾಂಟುಗಳೂ ಬಂದವು. ಅವುಗಳ ಚೂರುಪಾರಿನಲ್ಲಿ ನಾವು ಬಿಸಿ ಪಾತ್ರೆ ಹಿಡಿಯುವ ದಪ್ಪ ಬಟ್ಟೆ ಮಾಡಿದೆವು, ತಲೆಹೊರೆಗೆ ಸಿಂಬಿ ಮಾಡಿದೆವು. ಅತ್ತೆಗೆ ಎಲೆಯಡಿಕೆ ಸಂಚಿ ಮಾಡಿಕೊಟ್ಟೆವು, ಸುಣ್ಣದ ಡಬ್ಬಿಗೆ ಬೇರೆ ಅರೆ, ಹೊಗೆಸೊಪ್ಪಿಗೆ ಬೇರೆ ಅರೆ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಮಗನ ಪ್ಯಾಂಟ್ನಾಗೆ ಎಲೆಅಡಿಕೆ ಇಕ್ಕೊಳೋ ಕಾಲ ಬಂತಲ್ಲಪ್ಪ."

ಆಮೇಲೆ ಊರಿನ ಮುದುಕಿಯರೆಲ್ಲ ಅಂಥದೇ ಬೇಕೆಂದು ಬಂದರು.

ನಮ್ಮವರಿಗೆ ಗೊತ್ತಾದದ್ದು ಒಂದು ಮಳೆಯ ದಿನ. ತೋಟದಲ್ಲಿ ಕೆಲಸ ನಿಲ್ಲಿಸಿ ಬೇಗ ಬಂದವರು, ನನ್ನನ್ನು ಹುಡುಕಿಕೊಂಡು ಹಿತ್ತಿಲಿಗೆ ಬಂದರು. ಮಿಷನ್ನು ಇಡಿಯಾಗಿ ನಿಂತಿತ್ತು. ನಾನು ತುಳಿಯುತ್ತಿದ್ದೆ, ಅಕ್ಕ ಎದುರಿಗೆ ಕೂತು ಬಟ್ಟೆ ಎಳೆಯುತ್ತಿದ್ದಳು. ಅವರು ಕಂಬಕ್ಕೆ ಒರಗಿ ಒಂದಿಷ್ಟು ಹೊತ್ತು ನೋಡಿ ಒಳಗೆ ಹೋದರು. ಊಟಕ್ಕೆ ಕೂತಾಗ ಹೇಳಿದರು.

"ತಲೆ ನಮ್ದು. ಅವ್ರ ಸ್ಟ್ಯಾಂಡ್ ಮೇಲೆ ದಿನಾ ಕೂತ್ರೆ ನಾಳೆ ಅದೂ ಅವ್ರದೇ ಅಂತಾರೆ."

"ಅಕ್ಕ ಹಂಗನ್ನಲ್ಲ."

"ಅಕ್ಕ ಅನ್ನಲ್ಲ. ಅನ್ನೋರು ಬ್ಯಾರೆ ಅವ್ರೆ."

ನಾನು ಕೈತೊಳೆದು ಬರುವಷ್ಟರಲ್ಲಿ ಅವರು ಮಿಷನ್ನಿನ ತಲೆಯನ್ನು ಗೋಣಿಯಲ್ಲಿ ಸುತ್ತಿ, ಏಣಿ ಹತ್ತಿ, ಅಟ್ಟದ ಮೇಲೆ ಕಾಯಿ ರಾಶಿಯ ಹಿಂದೆ ಇಟ್ಟುಬಿಟ್ಟಿದ್ದರು. ಏಣಿಯನ್ನೂ ತೆಗೆದು ತೋಟದ ಶೆಡ್ಡಿಗೆ ಸಾಗಿಸಿದರು. ನಾನು ಜಗಳ ಆಡಲಿಲ್ಲ. ಊರಿನ ರವಿಕೆಗಳು ಹೊಲಿಯದೆ ಉಳಿದವು. ಕೇಳಲು ಬಂದವರಿಗೆ ಮಿಷನ್ ಅಟ್ಟದಲ್ಲಿದೆ ಅಂತ ಹೇಳಿ ಕಳಿಸಿದೆ. ಯಾಕೆಂದು ಕೇಳಿದರೆ, ಒಣಗೋಕೆ ಹಾಕಿದ್ದೀವಿ ಅನ್ನುತ್ತಿದ್ದೆ.

ಒಂದು ವಾರ ಹೀಗೇ ಹೋಯಿತು. ಭಾವ ಲಾರಿಯಿಂದ ಬಂದು ಮನೆಯಲ್ಲೇ ಇದ್ದರು. ಒಂದು ಬೆಳಿಗ್ಗೆ ನಾನು ಒಲೆ ಮುಂದೆ ಕೂತಿದ್ದಾಗ ಗೋಡೆಯಾಚೆಯಿಂದ ಅಕ್ಕನ ದನಿ ಬಂತು.

"ಅಟ್ಟಕ್ಕೇನು ಗೋಡೆ ಐತೇನೇ?"

ನಾನು ಉತ್ತರ ಕೊಡುವ ಮುಂಚೆಯೇ ಅವಳ ಕಡೆಯ ಏಣಿ ಕಿರುಗುಟ್ಟಿತು. ತಲೆಯ ಮೇಲೆ ಬಿದಿರಿನ ದಬ್ಬೆಗಳು ಸದ್ದು ಮಾಡಿದವು, ಕಾಯಿಗಳು ಅಲ್ಲಾಡಿದವು. ಅವಳು ಅಡ್ಡ ಬಿದಿರನ್ನು ದಾಟಿ ನಮ್ಮ ಕಡೆಗೆ ಬಂದು, ಗೋಣಿಯಲ್ಲಿ ಸುತ್ತಿದ್ದ ತಲೆಯನ್ನು ಎತ್ತಿಕೊಂಡಿದ್ದಳು. ಅದು ಎಷ್ಟು ಭಾರವೆಂದು ಹೊತ್ತವರಿಗೇ ಗೊತ್ತು. ವಾಪಸು ದಾಟುವಾಗ ಅವಳು ಆ ಬಿದಿರಿನ ಮೇಲೆ ಭಾರ ಬಿಟ್ಟಳು. ಕಟ್ಟಿದ್ದ ತೆಂಗಿನ ಹಗ್ಗ ಹಳೆಯದು, ಕಿತ್ತುಬಂತು. ಲಾರಿಯಿಂದ ಕಲ್ಲು ಸುರಿದ ಹಾಗೆ ಸದ್ದಾಯಿತು. ಎರಡೂ ಕಡೆಯ ರಾಶಿ ಜಾರಿ ಒಂದರ ಮೇಲೊಂದು ಹರಿಯಿತು. ಕೆಲವು ಕಾಯಿ ಏಣಿಯ ಸಂದಿನಿಂದ ಅವರ ಹಜಾರಕ್ಕೆ ಉರುಳಿದವು, ಕೆಲವು ನಮ್ಮ ಕಡೆಯ ಸಂದಿನಿಂದ ಒಲೆಯ ಹತ್ತಿರಕ್ಕೆ ಬಿದ್ದವು. ನನ್ನ ಸಾರಿನ ಪಾತ್ರೆ ಉರುಳಿತು.

"ಅಕ್ಕಾ!" ಅಂತ ಕೂಗಿದೆ.

ಉರುಳಿದ ಪಾತ್ರೆ ದಾಟಿ ಗೋಡೆಯ ಹತ್ತಿರ ಓಡಿದೆ. ಆಮೇಲೆ ಮೇಲಿನಿಂದ ದನಿ ಬಂತು.

"ತಲೆಗೇನೂ ಆಗಿಲ್ಲ ಕಣೇ."

"ಯಾವ ತಲೆ?"

"ಎರಡಕ್ಕೂ."

ಸದ್ದು ಕೇಳಿ ಭಾವ ಜಗುಲಿಯಿಂದ ಓಡಿಬಂದರು, ನಮ್ಮವರು ಕೊಟ್ಟಿಗೆಯಿಂದ. ನಮ್ಮ ಕಡೆ ಏಣಿ ಇಲ್ಲದ್ದರಿಂದ ನಮ್ಮವರು ಅಣ್ಣನ ಬಾಗಿಲಿನಿಂದಲೇ ಒಳಗೆ ಹೋಗಬೇಕಾಯಿತು. ಪಾಲಾದ ಮೇಲೆ ಆ ಹೊಸಿಲು ದಾಟಿರಲಿಲ್ಲ. ನಾನೂ ಹಿಂದೆಯೇ ಹೋದೆ. ಅಕ್ಕ ಕಾಯಿಗಳ ನಡುವೆ ಸೊಂಟದವರೆಗೆ ಹೂತು, ಮಿಷನ್ನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಮೊಣಕೈ ತರಚಿತ್ತು. ಇಬ್ಬರೂ ಹತ್ತಿ, ಒಬ್ಬರು ಅವಳ ಕೈ ಹಿಡಿದು, ಇನ್ನೊಬ್ಬರು ಮಿಷನ್ ಹಿಡಿದು ಕೆಳಗಿಳಿಸಿದರು. ಯಾರೂ ಬೈಯಲಿಲ್ಲ. ಅತ್ತೆ ಮಾತ್ರ ಅಂಗಳದಲ್ಲಿ ನಿಂತು ಎಲ್ಲರನ್ನೂ ಸೇರಿಸಿ ಬೈದರು.

ಆದರೆ ಕಾಯಿ ಬೆರೆತುಹೋಗಿತ್ತು. ಒಂದೇ ತೋಟದ ಮರಗಳು, ಒಂದೇ ಮಣ್ಣು. ಯಾವ ಕಾಯಿ ಯಾರದೆಂದು ಹೇಗೆ ಹೇಳುವುದು? ಅಣ್ಣತಮ್ಮಂದಿರು ಆ ಮಧ್ಯಾಹ್ನ ಅಟ್ಟದ ಮೇಲೆ ಎದುರುಬದುರು ಕೂತರು. ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವುದು, ಈ ಕಡೆಗೊಂದು ಆ ಕಡೆಗೊಂದು ಉರುಳಿಸುವುದು. ನಾವು ಕೆಳಗಿನಿಂದ ಕೇಳುತ್ತಿದ್ದೆವು.

"ಇದ್ರಾಗೆ ಇನ್ನೂ ನೀರೈತೆ."

"ಅದು ನಂಗಿರ್ಲಿ, ನೀನು ಕೊಬ್ಬರಿ ಆಗಿರೋದು ತಗೋ."

"ಬ್ಯಾಡ, ನೀನೇ ತಗೋ."

ಅಷ್ಟೇ ಮಾತು. ಸಂಜೆ ಇಳಿದು ಬಂದು, ಹೊಸ ಹಗ್ಗದಿಂದ ಅಡ್ಡ ಬಿದಿರನ್ನು ಮತ್ತೆ ಬಿಗಿಯಾಗಿ ಕಟ್ಟಿದರು. ಈ ಸಲ ಎರಡು ಬಿದಿರು ಕಟ್ಟಿದರು. ಅಣ್ಣತಮ್ಮಂದಿರು ಒಂದಾದರು ಅಂತ ಹೇಳಲು ನನಗೂ ಆಸೆಯೇ. ಹಾಗೇನೂ ಆಗಲಿಲ್ಲ. ಹಬ್ಬಕ್ಕೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಲಿಲ್ಲ. ದಾರಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಆದರೆ ಆ ಸಂಜೆ ಭಾವ ಸ್ಟ್ಯಾಂಡನ್ನು ತಾವೇ ಹೊತ್ತು ತಂದು ಕೊಟ್ಟಿಗೆಯ ಒಣ ಮೂಲೆಯಲ್ಲಿ ಇಟ್ಟರು. ನಮ್ಮವರು ತಲೆಯನ್ನು ಅದರ ಮೇಲೆ ಕೂರಿಸಿದರು. ಸ್ಕ್ರೂ ಬಿಗಿಯುತ್ತ ಭಾವ ಯಾರಿಗೂ ಅಲ್ಲದಂತೆ ಅಂದರು.

"ಒಂದ್ಕಡೆ ಬಿದ್ದಿರ್ಲಿ ಬುಡು ಅತ್ಲಾಗೆ."

ಅಲ್ಲಿಂದ ಮುಂದೆ ನಾವು ಬಿಚ್ಚಲಿಲ್ಲ. ದನದ ಕೊಟ್ಟಿಗೆಯ ವಾಸನೆಯಲ್ಲೇ ಹಲವು ವರ್ಷ ಹೊಲಿದೆವು. ನೊಣವಿನಕೆರೆ ಬಸ್ಸಿನಲ್ಲಿ, ತುರುವೇಕೆರೆ ಸಂತೆಯಲ್ಲಿ ನಮ್ಮ ನೀಲಿ ಚೌಕದ ಚೀಲಗಳು ಕಾಣುತ್ತಿದ್ದವು. ಪಾಠ ಹೇಳುವ ಒಬ್ಬರು ಮೇಡಂ ಕಾಲೇಜಿಗೆ ಹಾಕಿಕೊಂಡು ಹೋಗಲೆಂದು ಹೆಗಲಿಗೆ ತೂಗುವಂತೆ ಒಂದು ಹೊಲಿಸಿಕೊಂಡರು. ಆ ಹಿಡಿಕೆಯ ಅಳತೆ ಕೂರಿಸಲು ನಾವಿಬ್ಬರೂ ಒಂದು ಬೆಳಿಗ್ಗೆಯೆಲ್ಲ ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆಯಲ್ಲಿ ಓಡಾಡಿದೆವು. ಅಕ್ಕ ನಕ್ಕಿದ್ದನ್ನು ನಾನು ಅಷ್ಟಾಗಿ ನೋಡಿದವಳಲ್ಲ, ಅವತ್ತು ನೋಡಿದೆ. ಆಮೇಲೆ ಬಣ್ಣಬಣ್ಣದ ಅಗ್ಗದ ಚೀಲಗಳು ತಿಪಟೂರಿನ ಅಂಗಡಿಗಳಿಗೆ ಬಂದವು. ಊರಿನ ಹುಡುಗರೂ ಜೀನ್ಸ್ ಹಾಕತೊಡಗಿದರು, ಅವರು ಅದನ್ನು ಹರಿಯುವವರೆಗೆ ಬಿಡುತ್ತಿರಲಿಲ್ಲ. ನಮಗೆ ಹಳೇ ಪ್ಯಾಂಟು ಸಿಗುವುದೂ ಕಡಿಮೆಯಾಯಿತು, ಕೇಳುವವರೂ ಕಡಿಮೆಯಾದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಭಾವ ಲಾರಿ ಕೆಲಸ ಬಿಟ್ಟರು. ಕಣ್ಣು ಮಂಜಾಗಿ ರಾತ್ರಿ ಓಡಿಸುವುದು ಕಷ್ಟವಾಗಿತ್ತು. ತಿಪಟೂರಿನ ಹೆದ್ದಾರಿ ಪಕ್ಕ ಟೈರು ಪಂಕ್ಚರಿನ ಅಂಗಡಿ ಹಾಕಿ, ಅಲ್ಲೇ ಹಿಂದೆ ಎರಡು ಕೋಣೆಯ ಮನೆ ಕಟ್ಟಿದರು. ಸಾಮಾನು ಸಾಗಿಸುವ ದಿನ ಅಕ್ಕ ಪಾತ್ರೆ, ಜಾಡಿ, ಕೌದಿ ಎಲ್ಲ ಲಾರಿಗೆ ಏರಿಸಿದಳು. ಸ್ಟ್ಯಾಂಡಿನ ಮಾತು ಅವಳು ಎತ್ತಲಿಲ್ಲ, ಭಾವನೂ ಎತ್ತಲಿಲ್ಲ. ಹೊರಡುವಾಗ ಅವಳು ನನ್ನ ಮುಂದೆ ನಿಂತಳು.

"ಹಾಲುಕ್ಕಿಸೋಕೆ ಬಾರೇ. ಮುಂಚೇನೇ ಬಾ, ಕೆಲ್ಸ ಐತೆ."

ನಮ್ಮವರನ್ನು ಕೇಳಿದೆ. "ನೀನು ಹೋಗ್ಬಾ" ಅಂದರು. ತಾವು ಬರುವುದಿಲ್ಲವೆಂದು ಹೇಳಲಿಲ್ಲ, ಬರಲಿಲ್ಲ ಅಷ್ಟೇ. ಬೆಳಗಿನ ಬಸ್ಸಿಗೆ ಹೋದೆ. ಹಾಲುಕ್ಕಿತು, ಊಟವಾಯಿತು. ಅತ್ತೆ ಅಲ್ಲೇ ಒಂದು ತಿಂಗಳು ಇರುತ್ತೇನೆಂದರು. ಅಕ್ಕ ಅಡುಗೆಮನೆಯ ಕಿಟಕಿಯನ್ನು ಎರಡು ಸಲ ತೆರೆದು ಮುಚ್ಚಿ ತೋರಿಸಿದಳು. ಸಂಜೆ ಬಸ್ಸಿಗೆ ಹತ್ತಿಸಲು ರಸ್ತೆಯವರೆಗೆ ಬಂದಳು, ಬಸ್ಸು ಬಂದಾಗ "ಹುಷಾರು" ಅಂದಳು.

ನಾನು ಮನೆ ಮುಟ್ಟಿದಾಗ ನಮ್ಮವರು ಜಗುಲಿಯ ಮೇಲೆ ಕೂತಿದ್ದರು. ಕಾಲು ತೊಳೆದು ಬಂದೆ.

"ಮನೆ ಹೆಂಗೈತೆ?" ಅಂದರು.

"ಚೆನ್ನಾಗೈತೆ."

"ನೀರು?"

"ಬೀದಿ ಕೊಳಾಯಿ ಐತೆ. ಮುಂದೇನೇ."

"ಅಂಗಡಿಗೆ ಜನ ಬತ್ತಾರಾ?"

"ನಾನಿದ್ದಾಗ ಎರಡು ಲಾರಿ ನಿಂತಿದ್ವು."

ಅವರು ತಲೆಯಾಡಿಸಿ, ಎದ್ದು, ದನಕ್ಕೆ ಹುಲ್ಲು ಹಾಕಲು ಹೋದರು. ನಾನು ಒಲೆ ಹಚ್ಚಿದೆ.